ವ್ಯಸನದ ಹಿಂದಿರುವ ಗಾಯಕ್ಕೂ ಚಿಕಿತ್ಸೆ ಬೇಕು

(ಶಿವಾಜಿನಗರದಲ್ಲಿ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಮದ್ಯ ಮತ್ತು ಮಾದಕ ಪದಾರ್ಥಗಳು ನಿಷಿದ್ಧವೆಂದು ಈ ಸಭೆಗೆ ವಿವರಿಸುವ ಅಗತ್ಯವಿಲ್ಲ. ಶಿವಾಜಿನಗರದಿಂದ ಹಲಸೂರು, ಇಂದಿರಾನಗರಗಳನ್ನು ದಾಟಿ ಕೆ.ಆರ್. ಪುರದವರೆಗೆ ಯಾವ ಮುಸ್ಲಿಮ್ ಮನೆಯ ಮಗುವನ್ನು ಕೇಳಿದರೂ ಅದು ಹರಾಮ್ ಎಂದೇ ಉತ್ತರಿಸುತ್ತದೆ. ಹೀಗಿರುವಾಗ, ತಿಳಿದೂ ತಿಳಿದೂ ನಮ್ಮ ಯುವಕನೊಬ್ಬ ಅದರತ್ತ ಮತ್ತೆ ಮತ್ತೆ ಮರಳುವುದೇಕೆ? ರಮಝಾನಿನಲ್ಲಿ ಕಣ್ಣೀರಿಟ್ಟು ತೌಬಾ ಮಾಡಿದವನು ಈದ್ ಕಳೆದ ವಾರದಲ್ಲೇ ಜಾರುವುದೇಕೆ? ಅವನಲ್ಲಿ ಈಮಾನ್ ಇಲ್ಲವೆಂದು ತೀರ್ಪು ನೀಡುವುದು ಬಹಳ ಸುಲಭ. ಆದರೆ ಆ ತೀರ್ಪಿನಿಂದ ಇದುವರೆಗೆ ಯಾವ ಮನೆ ಉದ್ಧಾರವಾಗಿದೆ?

ಸಮಸ್ಯೆಯ ಅಗಾಧತೆಯನ್ನು ಮೊದಲು ತಿಳಿಯೋಣ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನರು ಮದ್ಯ ಸೇವಿಸುತ್ತಾರೆ. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ದೊರೆತಿದೆ. ಅಂಟು, ವೈಟ್ನರ್‌ನಂತಹ ವಸ್ತುಗಳನ್ನು ಮೂಸುವ ಚಟವಂತೂ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು. ತೀವ್ರ ನೋವಿಗೆಂದು ವೈದ್ಯರು ಬರೆದುಕೊಡುವ ಟ್ಯಾಪೆಂಟಡಾಲ್ ಮಾತ್ರೆಯೂ ಇಂದು ಅಮಲಿನ ವಸ್ತುವಾಗಿದೆ. ಆದ್ದರಿಂದ ‘ನಮ್ಮ ಮನೆಯಲ್ಲಿ ಬಾಟಲಿ ಇಲ್ಲ’ ಎಂಬ ಸಮಾಧಾನಕ್ಕೆ ಅರ್ಥವಿಲ್ಲ.

ಇನ್ನು ಕಾರಣದ ವಿಚಾರ. ಅಮೆರಿಕದ ವೈದ್ಯರಾದ ಫೆಲಿಟ್ಟಿ ಮತ್ತು ಆಂಡಾ ಅವರು ಬಾಲ್ಯದ ಕಹಿ ಅನುಭವಗಳ ಬಗ್ಗೆ ನಡೆಸಿದ ದೊಡ್ಡ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಹೊಡೆತ, ಲೈಂಗಿಕ ದೌರ್ಜನ್ಯ, ತಾಯಿಯ ಮೇಲಾಗುವ ಹಲ್ಲೆ, ಮನೆಯವರ ಕುಡಿತ ಮುಂತಾದವುಗಳ ಪೈಕಿ ನಾಲ್ಕು ಅಥವಾ ಹೆಚ್ಚು ಬಗೆಯ ಅನುಭವಗಳನ್ನು ಉಂಡವರಲ್ಲಿ ಕುಡಿತ, ಮಾದಕ ವ್ಯಸನ, ಖಿನ್ನತೆ ಮತ್ತು ಆತ್ಮಹತ್ಯಾ ಯತ್ನದ ಅಪಾಯವು ಅಂತಹ ಯಾವ ಅನುಭವವೂ ಇಲ್ಲದವರಿಗಿಂತ 4ರಿಂದ 12 ಪಟ್ಟು ಅಧಿಕವೆಂದು ಅದು ತೋರಿಸಿತು. ಅಂದರೆ ಅನೇಕರ ಪಾಲಿಗೆ ಅಮಲು ಮೋಜಿನ ವಸ್ತುವಲ್ಲ. ಅದು ಒಳಗಿನ ನೋವನ್ನು ಅಡಗಿಸಲು ಅವರು ತಾವೇ ಹುಡುಕಿಕೊಂಡ ಕೆಟ್ಟ ಔಷಧಿ.

ಅಂತಹ ನೋವು ನಮ್ಮ ಬೀದಿಗಳಲ್ಲಿ ಇಲ್ಲವೇ? 2020ರ ಆಗಸ್ಟ್ 11ರ ರಾತ್ರಿ ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಹಿಂಸಾಚಾರ ನಡೆಯಿತು, ಪೊಲೀಸ್ ಗೋಲಿಬಾರಿನಲ್ಲಿ ಜೀವಗಳು ಹೋದವು. ತಪ್ಪು ಯಾರದೆಂದು ನ್ಯಾಯಾಲಯ ನಿರ್ಣಯಿಸಲಿ. ಆದರೆ ಬೆಂಕಿಯನ್ನು ಕಂಡ ಮಕ್ಕಳು, ರಾತ್ರೋರಾತ್ರಿ ತಂದೆಯೋ ಅಣ್ಣನೋ ಬಂಧನಕ್ಕೊಳಗಾದುದನ್ನು ಕಂಡ ಮಕ್ಕಳು ಏನಾದರು ಎಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ? ಕೋವಿಡ್ ದಿನಗಳಲ್ಲಿ ತಂದೆಯ ಮುಖವನ್ನೂ ನೋಡಲಾಗದೆ ದಫನ್ ಮಾಡಿದವರ ಎದೆಯಲ್ಲಿ ಏನು ಉಳಿದಿದೆ? ಹತ್ತನೇ ವಯಸ್ಸಿಗೇ ಶಾಲೆ ಬಿಟ್ಟು ಗ್ಯಾರೇಜು, ಗುಜರಿ ಅಂಗಡಿಗಳಲ್ಲಿ ಏಟು ತಿನ್ನುತ್ತಾ ಬೆಳೆದ ಹುಡುಗನ ಮನಸ್ಸಿನ ಗಾಯವನ್ನು ಯಾರು ನೋಡಿದ್ದಾರೆ?

ಇಂತಹ ಗಾಯಗಳಿಗಾಗಿ ರೂಪುಗೊಂಡ ಚಿಕಿತ್ಸೆಗಳಲ್ಲಿ ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್ ಒಂದು. ಅಮೆರಿಕದ ಮನೋವಿಜ್ಞಾನಿ ಫ್ರಾನ್ಸೀನ್ ಶಾಪಿರೊ ಅವರು 1987ರಲ್ಲಿ ಇದನ್ನು ಆರಂಭಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಗೆ ಶಿಫಾರಸು ಮಾಡಿದ ಚಿಕಿತ್ಸೆಗಳಲ್ಲಿ ಇದೂ ಸೇರಿದೆ.

ಇದರ ಕ್ರಮ ಸರಳವಾಗಿ ಹೀಗಿದೆ. ಚಿಕಿತ್ಸಕರು ಮೊದಲು ರೋಗಿಯ ಬದುಕಿನ ಹಿನ್ನೆಲೆಯನ್ನು ತಿಳಿದುಕೊಳ್ಳುತ್ತಾರೆ. ಬಳಿಕ ಮನಸ್ಸು ಕಲಕಿದಾಗ ಶಾಂತವಾಗುವ ವಿಧಾನಗಳನ್ನು ಕಲಿಸುತ್ತಾರೆ. ಆ ಸಿದ್ಧತೆಯಾದ ನಂತರವಷ್ಟೇ ಒಂದು ಕಹಿ ನೆನಪನ್ನು ಮನಸ್ಸಿಗೆ ತಂದುಕೊಳ್ಳಲು ಹೇಳಿ, ಎಡಕ್ಕೂ ಬಲಕ್ಕೂ ಚಲಿಸುವ ತಮ್ಮ ಬೆರಳನ್ನು ಕಣ್ಣುಗಳಿಂದ ಹಿಂಬಾಲಿಸಲು ತಿಳಿಸುತ್ತಾರೆ. ಸ್ವಲ್ಪ ಹೊತ್ತಿಗೆ ನಿಲ್ಲಿಸಿ, ಈಗ ಏನನಿಸುತ್ತಿದೆ ಎಂದು ಕೇಳುತ್ತಾರೆ. ಹೀಗೆ ಪುನರಾವರ್ತನೆಯಾಗುತ್ತದೆ. ಒಂದು ಭೇಟಿಗೆ 60ರಿಂದ 90 ನಿಮಿಷಗಳು ಬೇಕು. ನೆನಪು ಮತ್ತು ಕಣ್ಣಿನ ಕೆಲಸ ಎರಡನ್ನೂ ಏಕಕಾಲಕ್ಕೆ ನಿಭಾಯಿಸಬೇಕಾದಾಗ ಆ ನೆನಪಿನ ತೀಕ್ಷ್ಣತೆ ಕುಗ್ಗುತ್ತದೆ ಎಂಬುದು ಇದಕ್ಕೆ ನೀಡಲಾಗುವ ಒಂದು ವಿವರಣೆ. ನೆನಪು ಅಳಿಸಿಹೋಗುವುದಿಲ್ಲ, ಆದರೆ ಅದರ ಮುಳ್ಳು ಮೊಂಡಾಗುತ್ತದೆ. ಇದು ಸಮ್ಮೋಹನವಲ್ಲ, ಮಂತ್ರವಾದವೂ ಅಲ್ಲ. ರೋಗಿಯು ಪೂರ್ಣ ಎಚ್ಚರದಲ್ಲಿರುತ್ತಾನೆ ಮತ್ತು ಬೇಡವೆನಿಸಿದಾಗ ಕೈಯೆತ್ತಿ ನಿಲ್ಲಿಸಬಹುದು.

ಹಾಗಾದರೆ ಇದರಿಂದ ಕುಡಿತ ಬಿಟ್ಟುಹೋಗುವುದೇ? ಇಲ್ಲಿ ಉತ್ಪ್ರೇಕ್ಷೆ ಸಲ್ಲದು. 2008ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಸಣ್ಣ ಅಧ್ಯಯನದಲ್ಲಿ, ಮಾಮೂಲಿ ಚಿಕಿತ್ಸೆಯೊಂದಿಗೆ ಇದನ್ನೂ ಪಡೆದ ಮದ್ಯವ್ಯಸನಿಗಳಲ್ಲಿ ಕುಡಿತದ ತುಡಿತ ಕಡಿಮೆಯಾಗಿತ್ತು. ಆದರೆ ನೆದರ್ಲೆಂಡ್ಸ್‌ನಲ್ಲಿ 109 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೇರವಾಗಿ ಕುಡಿತದ ನೆನಪುಗಳ ಮೇಲೆ ಇದನ್ನು ಪ್ರಯೋಗಿಸಿದಾಗ ಹೆಚ್ಚುವರಿ ಲಾಭವೇನೂ ಕಾಣಲಿಲ್ಲ. ಆದ್ದರಿಂದ ಇದು ಆಘಾತಕ್ಕೆ ಚಿಕಿತ್ಸೆಯೇ ಹೊರತು ಚಟ ಬಿಡಿಸುವ ಮಾಂತ್ರಿಕ ದಂಡವಲ್ಲ. ಚಟದ ಬೇರು ಗಾಯದಲ್ಲಿದ್ದರೆ, ಆ ಗಾಯ ಮಾಯಲು ನೆರವಾಗಬಲ್ಲದು. ಅದೂ ವ್ಯಸನದ ಸಂಪೂರ್ಣ ಚಿಕಿತ್ಸೆಯ ಒಂದು ಭಾಗವಾಗಿ ಮಾತ್ರ.

ಮತ್ತೊಂದು ಎಚ್ಚರಿಕೆ. ವರ್ಷಗಟ್ಟಲೆ ವಿಪರೀತ ಕುಡಿದವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಅಪಸ್ಮಾರದಂತಹ ಸೆಳೆತ, ಸನ್ನಿ ಬಂದು ಪ್ರಾಣಕ್ಕೇ ಸಂಚಕಾರವಾದೀತು. ಮೊದಲು ವೈದ್ಯರ ನಿಗಾದಲ್ಲಿ ಅಮಲು ಇಳಿಯಬೇಕು, ದೇಹ ಮನಸ್ಸುಗಳು ಸ್ಥಿರಗೊಳ್ಳಬೇಕು. ಅನಂತರವೇ ಹಳೆಯ ಗಾಯವನ್ನು ಮುಟ್ಟುವ ಮಾತು. ಮೊಬೈಲಿನ ವಿಡಿಯೋ ನೋಡಿ ಮನೆಯಲ್ಲೇ ಕಣ್ಣಾಡಿಸುವ ಸಾಹಸವೂ ಬೇಡ. ಗಾಯವನ್ನು ಕೆದಕಲು ಎಲ್ಲರಿಗೂ ಬರುತ್ತದೆ, ಕಟ್ಟಲು ತರಬೇತಿ ಬೇಕು.

ಎಲ್ಲಿಗೆ ಹೋಗಬೇಕು? ಬೆಂಗಳೂರಿನವರಿಗೆ ಈ ವಿಷಯದಲ್ಲಿ ನೆಪಗಳಿಲ್ಲ. ನಮ್ಮ ಪಕ್ಕದಲ್ಲೇ ಸರಕಾರಿ ಬೌರಿಂಗ್ ಆಸ್ಪತ್ರೆಯಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಕೆ.ಆರ್. ಪುರದಂತಹ ದೂರದವರು 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಆಘಾತದ ಚಿಕಿತ್ಸೆಯಲ್ಲಿ ತರಬೇತಿ ಪಡೆದವರು ಯಾರಿದ್ದಾರೆಂದು ಅಲ್ಲಿ ಧೈರ್ಯದಿಂದ ವಿಚಾರಿಸಿ. ‘ಊರಿಗೆ ತಿಳಿದರೆ ಮಗಳ ಮದುವೆಯ ಗತಿಯೇನು’ ಎಂದು ಅಂಜುವವರು ಗಮನಿಸಬೇಕು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಮತ್ತು ಮಾದಕ ವಸ್ತುಗಳಿಂದಾದ ಮನೋರೋಗಗಳಿಗೂ ಅನ್ವಯಿಸುತ್ತದೆ. ಸರಕಾರಿ ಸೇವೆಯನ್ನು ಪಡೆಯುವುದನ್ನೂ ವಿಷಯ ಗುಪ್ತವಾಗಿರುವುದನ್ನೂ ಅದು ರೋಗಿಯ ಹಕ್ಕೆಂದು ಸಾರಿದೆ.

ಸರಕಾರವನ್ನೂ ಕೇಳಬೇಕಾದ ಪ್ರಶ್ನೆಯಿದೆ. 2025-26ರ ಬಜೆಟಿನಲ್ಲಿ ಕರ್ನಾಟಕ ಸರಕಾರವು ಅಬಕಾರಿ ಇಲಾಖೆಯಿಂದ 40,000 ಕೋಟಿ ರೂಪಾಯಿ ವರಮಾನದ ಗುರಿ ಇಟ್ಟುಕೊಂಡಿತ್ತು. ಕುಡಿಸಿ ಇಷ್ಟು ಸಂಪಾದಿಸುವ ಸರಕಾರಕ್ಕೆ ಪ್ರತಿ ಬಡಾವಣೆಯ ಆಸ್ಪತ್ರೆಯಲ್ಲೂ ಒಬ್ಬ ತರಬೇತಾದ ಮನಶ್ಶಾಸ್ತ್ರಜ್ಞರನ್ನು ನೇಮಿಸುವುದು ಭಾರವೇ? ಇದನ್ನು ನಾವು ಓಟು ಕೇಳಲು ಬರುವವರ ಮುಂದಿಡಬೇಕು.

ಕೊನೆಯದಾಗಿ ನಮ್ಮನ್ನೇ ಕೇಳಿಕೊಳ್ಳೋಣ. ಮದ್ಯಪಾನಕ್ಕಾಗಿ ಪದೇ ಪದೇ ಶಿಕ್ಷೆಗೊಳಗಾದ ಒಬ್ಬಾತನನ್ನು ಯಾರೋ ಶಪಿಸಿದಾಗ ಪ್ರವಾದಿಯವರು(ಸ) ಅದನ್ನು ತಡೆದರು; ಆತನ ಹೃದಯದಲ್ಲಿ ಅಲ್ಲಾಹನ ಮತ್ತು ಅವನ ಸಂದೇಶವಾಹಕರ ಪ್ರೀತಿಯಿದೆಯೆಂದು ನೆನಪಿಸಿದರು. ಈ ಘಟನೆ ಬುಖಾರಿಯಲ್ಲಿದೆ. ಪ್ರವಾದಿಯವರು(ಸ) ಪಾಪವನ್ನು ಸಣ್ಣದು ಮಾಡಲಿಲ್ಲ, ಆದರೆ ಪಾಪಿಯನ್ನು ಸಮುದಾಯದಿಂದ ಹೊರದಬ್ಬಲೂ ಬಿಡಲಿಲ್ಲ. ನಮ್ಮ ಮಸೀದಿಯ ಬಾಗಿಲಲ್ಲಿ ವ್ಯಸನಿಗೆ ಸಿಗುವುದು ಆ ಪ್ರೀತಿಯೋ ಅಥವಾ ನಮ್ಮ ತಿರಸ್ಕಾರದ ನೋಟವೋ?

ತೌಬಾ ಅವನದು, ಚಿಕಿತ್ಸೆ ವೈದ್ಯರದು. ಆದರೆ ಆಸ್ಪತ್ರೆಯವರೆಗೆ ಅವನ ಕೈ ಹಿಡಿದು ನಡೆಸುವುದು ನಮ್ಮ ಹೊಣೆ. ಜಾರಿದಾಗ ಮತ್ತೊಮ್ಮೆ ಎಬ್ಬಿಸುವುದೂ ನಮ್ಮದೇ ಹೊಣೆ. ಆ ಹೊಣೆಯನ್ನು ನಿಭಾಯಿಸುವ ಸಹನೆಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.