ತಪಾಸಣೆ ಪುಕ್ಕಟೆ, ದಿನದ ಕೂಲಿ ಪುಕ್ಕಟೆಯಲ್ಲ
(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಗಿರಣಿಯ ಸಂಗಾತಿಗಳೇ, ಪೇಟೆಯ ಬಂಧುಗಳೇ,

ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಹಿಂದೆ ಕೂತು ಉಣ್ಣುವವರ ರೋಗವೆನ್ನುತ್ತಿದ್ದರು. ಇಂದು ಅವು ಯಂತ್ರದ ಮುಂದೆ ನಿಂತವನನ್ನೂ ತಕ್ಕಡಿ ಹಿಡಿದವನನ್ನೂ ಬಿಟ್ಟಿಲ್ಲ. ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಅಂದಾಜು ಮಾಡಿದೆ.

ಸರಕಾರ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 30 ವರ್ಷ ದಾಟಿದವರಿಗೆಲ್ಲ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳ ಪುಕ್ಕಟೆ ತಪಾಸಣೆಯ ಕಾರ್ಯಕ್ರಮ 2017ರಲ್ಲೇ ಆರಂಭವಾಯಿತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಹೆಸರು ಬರೆದುಕೊಳ್ಳುತ್ತಾರೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿರಿ: ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರ ಪೈಕಿ ಗರ್ಭಕೊರಳಿನ ತಪಾಸಣೆ ಎಂದಾದರೂ ಆಗಿದ್ದವರು 100ಕ್ಕೆ ಇಬ್ಬರೂ ಪೂರಾ ಇರಲಿಲ್ಲ, ಸ್ತನದ ತಪಾಸಣೆ ಆಗಿದ್ದವರು ಒಬ್ಬರೂ ಪೂರಾ ಇರಲಿಲ್ಲ.

ಇದಕ್ಕೆ ಜನರ ಅಜ್ಞಾನವೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಾವು ಒಪ್ಪುವುದಿಲ್ಲ.

ಮೊದಲನೆಯ ಕಾರಣ ಹೊತ್ತು. ಆಸ್ಪತ್ರೆಯ ಹೊರರೋಗಿ ವಿಭಾಗ ತೆರೆದಿರುವಾಗ ನಾವು ಪಾಳಿಯಲ್ಲಿರುತ್ತೇವೆ. ಅಲ್ಲಿ ಸರದಿ ನಿಂತರೆ ದಿನದ ಕೂಲಿ ಹೋಯಿತು. ಅಂಗಡಿಯವನು ಬಾಗಿಲು ಹಾಕಿದರೆ ಗಿರಾಕಿ ಪಕ್ಕದಂಗಡಿಗೆ ನಡೆದ.

ಎರಡನೆಯದು ರೋಗದ ಸ್ವಭಾವ. ಒತ್ತಡ 140/90 ದಾಟಿದರೂ ಮೈಯಲ್ಲಿ ನೋವಿಲ್ಲ. ನೋಯದ ರೋಗಕ್ಕಾಗಿ ಕೂಲಿ ಕಳೆದುಕೊಳ್ಳಲು ಯಾರಿಗೆ ಮನಸ್ಸು ಬಂದೀತು? ಕೊನೆಗೆ ಪಾರ್ಶ್ವವಾಯು ಹೊಡೆದಾಗಲೇ ಗೊತ್ತಾಗುತ್ತದೆ.

ಮೂರನೆಯದು ಔಷಧಿ. ಗುಳಿಗೆಯನ್ನು ದಿನವೂ ನುಂಗಬೇಕು. ಒಮ್ಮೆ ಹೋದಾಗ ಇದ್ದು ಮತ್ತೊಮ್ಮೆ ಹೋದಾಗ ಮುಗಿದಿದ್ದರೆ ನಂಬಿಕೆ ಉಳಿಯುವುದಿಲ್ಲ.

ನಾಲ್ಕನೆಯದು ಅಂಜಿಕೆ, ನಾಚಿಕೆ. ರೋಗ ಬಯಲಾದರೆ ಕೆಲಸ ಹೋದೀತೆಂಬ ಅಂಜಿಕೆ ಗಂಡಸರಿಗೆ. ಮರೆಯಿಲ್ಲದ ಕೋಣೆಯಲ್ಲಿ ಪರೀಕ್ಷೆಯೆಂದರೆ ನಾಚಿಕೆ ಹೆಂಗಸರಿಗೆ. ಇವೆರಡೂ ಬುದ್ಧಿವಾದದಿಂದ ಹೋಗುವುದಿಲ್ಲ. ಕೆಲಸದ ಭದ್ರತೆಯಿಂದ, ಮರೆಯಿರುವ ಕೋಣೆಯಿಂದ, ಮಹಿಳಾ ವೈದ್ಯರಿಂದ ಹೋಗುತ್ತವೆ.

ಆದ್ದರಿಂದ ನಾವು ಕೇಳುವುದಿಷ್ಟೇ. ವಾರಕ್ಕೆರಡು ದಿನವಾದರೂ ಸಂಜೆ ತಪಾಸಣೆ ನಡೆಯಲಿ. ಪೇಟೆಯ ರಜೆಯ ದಿನ ಪೇಟೆಯಲ್ಲೇ ಶಿಬಿರವಾಗಲಿ. ಗುಳಿಗೆ ಒಮ್ಮೆಗೇ ಒಂದು ತಿಂಗಳಿಗಾಗುವಷ್ಟು ಕೈಗೆ ಬರಲಿ. ಗಿರಣಿಯ ವಿಷಯದಲ್ಲಿ ಕಾನೂನಿನ ಬಲವೂ ನಮಗುಂಟು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೃತ್ತಿ ಸುರಕ್ಷತಾ ಸಂಹಿತೆಯು, ಸರಕಾರ ಗೊತ್ತುಪಡಿಸಿದ ಕಾರ್ಮಿಕರಿಗೆ ಮಾಲೀಕನೇ ವರ್ಷಕ್ಕೊಮ್ಮೆ ಪುಕ್ಕಟೆ ಆರೋಗ್ಯ ಪರೀಕ್ಷೆ ಮಾಡಿಸಬೇಕೆನ್ನುತ್ತದೆ. ಅದು ಕೂಲಿ ಕಡಿಯದೆ, ಪಾಳಿಯ ವೇಳೆಯಲ್ಲೇ ಆಗಬೇಕು. ಅದರ ಫಲ ಕಾರ್ಮಿಕನ ಕೈಯಲ್ಲಿರಬೇಕು, ಅವನನ್ನು ಹೊರಹಾಕುವ ನೆಪವಾಗಬಾರದು.

ಅಲ್ಲಿಯ ತನಕ ನಾವು ಕೈಕಟ್ಟಿ ಕೂರುವುದು ಬೇಡ. ಒಂದೇ ಪಾಳಿಯವರು, ಒಂದೇ ಬೀದಿಯವರು ಸರದಿ ಹಚ್ಚಿಕೊಂಡು ಹೋಗೋಣ. ಒಬ್ಬನ ಅಂಗಡಿಯನ್ನು ಇನ್ನೊಬ್ಬ ನೋಡಿಕೊಳ್ಳಲಿ. ದುಡಿಯುವವನ ಬಂಡವಾಳ ಅವನ ಮೈಯೊಂದೇ. ಅದನ್ನು ಕಾಪಾಡಿಕೊಳ್ಳುವುದೂ ಹಕ್ಕಿನ ಹೋರಾಟವೇ.