ಮನೆಯಂಗಳಕ್ಕೆ ಬಂದ ಹಾವು



ಮುಂಗಾರಿನ ಒಂದು ಸಂಜೆ. ಒಲೆಗೆ ಸೌದೆ ತರಲು ನೀವು ಹಿತ್ತಿಲಿಗೆ ಹೋಗಿದ್ದೀರಿ. ಒಂದು ಸೌದೆ ಎಳೆದೊಡನೆ ರಾಶಿಯೊಳಗಿನಿಂದ ಬುಸ್ಸೆಂಬ ಸದ್ದು. ನಿಮ್ಮ ಕೂಗು ಕೇಳಿ ಮನೆಯವರು ದೊಣ್ಣೆ ಹಿಡಿದು ಓಡಿ ಬರುತ್ತಾರೆ. ಹಳ್ಳಿಯಲ್ಲಿ ಬೆಳೆದ ನಿಮ್ಮಲ್ಲಿ ಅನೇಕರು ಈ ದೃಶ್ಯವನ್ನು ಕಂಡಿರಬಹುದು. ಆ ದೊಣ್ಣೆ ನಿಜವಾಗಿ ನಮ್ಮನ್ನು ಕಾಪಾಡುತ್ತದೆಯೇ? ಇಂದು ಈ ಪ್ರಶ್ನೆಯನ್ನು ಕುರಿತು ಯೋಚಿಸೋಣ.

ಪ್ರಶ್ನೆ ಸಣ್ಣದಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿತದಿಂದ ಸತ್ತರು. ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ. ಇವರಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಜನ 15 ವರ್ಷದೊಳಗಿನ ಮಕ್ಕಳು. ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಸಂಭವಿಸಿದವು.

ನಮ್ಮಲ್ಲಿ ಹೆಚ್ಚಿನ ಸಾವುಗಳಿಗೆ ನಾಲ್ಕು ಹಾವುಗಳು ಕಾರಣ. ಹೆಡೆ ಎತ್ತುವ ನಾಗರಹಾವನ್ನು ಎಲ್ಲರೂ ಬಲ್ಲರು. ಕಟ್ಟುಹಾವು ಹೊಳೆಯುವ ಕಪ್ಪು ಮೈಮೇಲೆ ತೆಳುವಾದ ಬಿಳಿ ಪಟ್ಟೆಗಳುಳ್ಳದ್ದು, ರಾತ್ರಿ ಸಂಚಾರಿ. ಇವೆರಡರ ವಿಷ ಮುಖ್ಯವಾಗಿ ನರಗಳ ಮೇಲೆ ಕೆಲಸ ಮಾಡುತ್ತದೆ. ರೆಪ್ಪೆ ಜೋತುಬಿದ್ದು, ಮಾತು ತೊದಲಿ, ಕೊನೆಗೆ ಉಸಿರಾಟವೇ ನಿಲ್ಲಬಹುದು. ಕೊಳಕುಮಂಡಲ ದಪ್ಪ ಮೈಯದು. ಬೆನ್ನ ಮೇಲೆ ಸರಪಳಿಯಂತೆ ಸಾಲಾದ ಮಚ್ಚೆಗಳಿರುತ್ತವೆ. ಗರಗಸಮಂಡಲ ಚಿಕ್ಕದು, ಒರಟು ಹುರುಪೆಗಳನ್ನು ಉಜ್ಜಿ ಗರಗರ ಸದ್ದು ಮಾಡುತ್ತದೆ. ಮಂಡಲಗಳ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಕೊಳಕುಮಂಡಲದ ವಿಷ ಮೂತ್ರಪಿಂಡಗಳನ್ನೂ ಕೆಡಿಸಬಲ್ಲದು.

ಈ ಹಾವುಗಳು ನಮ್ಮ ಅಂಗಳಕ್ಕೆ ಏಕೆ ಬರುತ್ತವೆ? ದ್ವೇಷ ಸಾಧಿಸಲು ಅಲ್ಲ, ಹಾಲು ಕುಡಿಯಲೂ ಅಲ್ಲ. ಕಾಳು ಚೆಲ್ಲಿದಲ್ಲಿ ಇಲಿ ಬರುತ್ತದೆ, ಇಲಿ ಇದ್ದಲ್ಲಿಗೆ ಹಾವು ಬರುತ್ತದೆ. ಸೌದೆ ರಾಶಿ, ಹುಲ್ಲಿನ ಬಣವೆ, ಹಳೆಯ ಹೆಂಚು, ತೆಂಗಿನ ಗರಿಗಳ ಗುಡ್ಡೆ, ಗೋಡೆಯ ಬಿರುಕು, ಇವೆಲ್ಲ ಅದಕ್ಕೆ ಸಿದ್ಧವಾದ ಮನೆಗಳು. ಆದ್ದರಿಂದ ಹಾವಿನ ಕೆಲಸ ಶುರುವಾಗಬೇಕಾದದ್ದು ಹಾವು ಬರುವ ಮೊದಲು. ಸೌದೆಯನ್ನು ಮನೆಯಿಂದ ದೂರದಲ್ಲಿ, ನೆಲದಿಂದ ಎತ್ತರಕ್ಕೆ ಒಟ್ಟಿರಿ. ಕಾಳುಕಡ್ಡಿ, ಕೋಳಿಯ ಆಹಾರ ಮುಚ್ಚಿಡಿ. ಬಾಗಿಲ ಕೆಳಗಿನ ಸಂದು, ಬಚ್ಚಲ ತೂಬು ಮುಚ್ಚಿ. ಬೆಳ್ಳುಳ್ಳಿ ನೀರು, ಸೀಮೆಎಣ್ಣೆ ಚಿಮುಕಿಸಿ ನಿಶ್ಚಿಂತೆಯಿಂದಿರಬೇಡಿ, ಅವನ್ನು ನಂಬುವಂತಿಲ್ಲ.

ಕತ್ತಲಲ್ಲಿ ಟಾರ್ಚಿಲ್ಲದೆ ಹೊರಡಬೇಡಿ. ಪಂಪ್‌ಸೆಟ್ಟಿಗೆ ರಾತ್ರಿ ವಿದ್ಯುತ್ ಬಂದಾಗ ನೀರು ಹಾಯಿಸಲು ಹೋಗುವ ತಂದೆಯ ಕೈಗೆ ಟಾರ್ಚನ್ನೂ ಕಾಲಿಗೆ ಗಮ್‌ಬೂಟನ್ನೂ ನೆನಪಿಸುವ ಕೆಲಸ ನಿಮ್ಮದಾಗಲಿ. ಹೆಜ್ಜೆಯ ಕಂಪನಕ್ಕೆ ಹಲವು ಹಾವುಗಳು ಸರಿದುಹೋಗುತ್ತವೆ. ಆದರೆ ಕೊಳಕುಮಂಡಲ ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ. ಅದನ್ನು ನಮ್ಮ ಕಣ್ಣೇ ಗುರುತಿಸಬೇಕು. ನೆಲದ ಮೇಲೆ ಮಲಗುವವರು ಸೊಳ್ಳೆ ಪರದೆಯ ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸಲಿ. ಕಟ್ಟುಹಾವಿನ ಕಡಿತ ನಿದ್ದೆಯಲ್ಲಿ ಗೊತ್ತೇ ಆಗದಿರಬಹುದು, ಗಾಯವೂ ಕಾಣದಿರಬಹುದು. ಬೆಳಗಿನ ಜಾವ ಕಾರಣವಿಲ್ಲದ ಹೊಟ್ಟೆನೋವು, ಜೊತೆಗೆ ರೆಪ್ಪೆ ಎತ್ತಲಾರದ ಸ್ಥಿತಿ ಕಂಡರೆ ಅಜೀರ್ಣವೆಂದು ಕುಳಿತುಕೊಳ್ಳದೆ ಆಸ್ಪತ್ರೆಗೆ ಹೊರಡಿ.

ಇನ್ನು ಹಾವು ಕಂಡೇಬಿಟ್ಟಿತು ಎನ್ನೋಣ. ಹಿಂದೆ ಸರಿಯಿರಿ. ಮಕ್ಕಳನ್ನೂ ನಾಯಿಯನ್ನೂ ದೂರ ಕಳಿಸಿ. ದೂರದಿಂದಲೇ ಅದರ ಮೇಲೆ ಕಣ್ಣಿಟ್ಟು ಅರಣ್ಯ ಇಲಾಖೆಗೋ ತರಬೇತಿ ಪಡೆದ ಹಾವು ಹಿಡಿಯುವವರಿಗೋ ತಿಳಿಸಿ. ದೊಣ್ಣೆ ಬೀಸಬೇಕಾದರೆ ನಾವು ಹಾವಿನ ಸಮೀಪಕ್ಕೆ ಹೋಗಲೇಬೇಕು. ತಪ್ಪಿಸಿಕೊಳ್ಳಲು ದಾರಿಯಿಲ್ಲದ ಹಾವು ಕಚ್ಚುವುದು ಆಗಲೇ. ಕತ್ತರಿಸಿದ ತಲೆ ಕೂಡ ಸ್ವಲ್ಪ ಹೊತ್ತು ಕಚ್ಚಬಲ್ಲದು. ಎಷ್ಟೋ ಬಾರಿ ಸಾಯುವುದು ವಿಷವೇ ಇಲ್ಲದ, ಇಲಿ ತಿಂದು ನಮಗೆ ಉಪಕಾರ ಮಾಡುವ ಕೇರೆಹಾವು. ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಉಂಟು.

ಕಡಿತವಾದರೆ? ಇಲ್ಲಿ ನೀವು ಗಟ್ಟಿಯಾಗಿ ನಿಲ್ಲಬೇಕು. ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಮಂತ್ರ ಹಾಕಿಸುವುದು ಬೇಡವೇ ಬೇಡ. ಬಿಗಿದ ಕಟ್ಟಿನಿಂದ ಕೈಕಾಲೇ ಕೊಳೆತು ಹೋಗಬಹುದು. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಮೂಳೆ ಮುರಿದಾಗ ಮಾಡುವಂತೆ ಕಡಿತವಾದ ಅಂಗವನ್ನು ಅಲುಗದಂತೆ ಇರಿಸಿ, ನಡೆಸದೆ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಪ್ರತಿವಿಷವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಹಾವನ್ನು ಹಿಡಿದು ತರಬೇಕಿಲ್ಲ. ವೈದ್ಯರು ಲಕ್ಷಣಗಳನ್ನು ನೋಡುತ್ತಾರೆ. ರೋಗಿಯ ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟಿತೇ ಎಂದು ಪರೀಕ್ಷಿಸುತ್ತಾರೆ.

“ನಮ್ಮೂರಿನಲ್ಲಿ ಮಂತ್ರದಿಂದ ಬದುಕಿದವರಿದ್ದಾರಲ್ಲ?” ಎಂದು ಅಜ್ಜಿ ಕೇಳಬಹುದು. ಇದ್ದಾರೆ. ಹೆಚ್ಚಿನ ಹಾವುಗಳಿಗೆ ಮನುಷ್ಯನನ್ನು ಕೊಲ್ಲುವ ವಿಷವಿಲ್ಲ. ವಿಷದ ಹಾವೂ ಪ್ರತಿ ಬಾರಿ ಕಚ್ಚಿದಾಗ ವಿಷ ಇಳಿಸುವುದಿಲ್ಲ. ಅಂಥವರು ಮಂತ್ರವಿಲ್ಲದೆಯೂ ಬದುಕುತ್ತಿದ್ದರು. ವಿಷ ನಿಜವಾಗಿ ಇಳಿದವನಿಗೆ ಮಾತ್ರ ಆ ಕಳೆದುಹೋದ ಗಂಟೆ ಜೀವದ ಬೆಲೆಯಾಗುತ್ತದೆ. ಇದನ್ನು ಅಜ್ಜಿಗೆ ವಿನಯದಿಂದಲೇ ತಿಳಿಸಿ.

ಪ್ರತಿವಿಷ ತಯಾರಾಗುವುದೂ ಹಾವಿನ ವಿಷದಿಂದಲೇ. ಸ್ವಲ್ಪ ಸ್ವಲ್ಪವಾಗಿ ವಿಷವನ್ನು ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಮೂಡುವ ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. 1978ರಲ್ಲಿ ಆರಂಭವಾದ ತಮಿಳುನಾಡಿನ ಇರುಳರ ಸಹಕಾರ ಸಂಘ ಹಾವುಗಳನ್ನು ಹಿಡಿದು, ವಿಷ ತೆಗೆದು, ಮತ್ತೆ ಬಯಲಿಗೆ ಬಿಡುತ್ತ ಬಂದಿದೆ. ನಮ್ಮ ನಾಲ್ಕು ಹಾವುಗಳ ವಿಷಕ್ಕೂ ಒಂದೇ ಪ್ರತಿವಿಷ ನೀಡುತ್ತಾರೆ. ನಮ್ಮ ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಎಲ್ಲಿ ಎಷ್ಟು ಕಡಿತ ಎಂದು ತಿಳಿದರೆ ಅಲ್ಲಿಗೆ ಅಷ್ಟು ಔಷಧ ತಲುಪಿಸಲು ಸಾಧ್ಯ.

ಮಿತ್ರರೇ, ಈ ಭಾನುವಾರ ಒಂದು ಕೆಲಸ ಮಾಡಿ. ನಿಮ್ಮ ಹಿತ್ತಿಲನ್ನು ಒಮ್ಮೆ ಸುತ್ತಿ ಬನ್ನಿ. ಪ್ರತಿವಿಷ ದೊರೆಯುವ ಹತ್ತಿರದ ಆಸ್ಪತ್ರೆ ಯಾವುದೆಂದು ವಿಚಾರಿಸಿ, ಗೋಡೆಯ ಮೇಲೆ ಬರೆದಿಡಿ. ದೊಣ್ಣೆಗಿಂತ ಆ ಒಂದು ಸಾಲು ನಿಮ್ಮ ಮನೆಯನ್ನು ಹೆಚ್ಚು ಕಾಯುತ್ತದೆ.