ರಾಜಕುಮಾರನ ಕೊರಳಿನ ತಾಯಿತ

(ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿದ್ಯಾರ್ಥಿಗಳ ಚಿತ್ರಕಲಾ ಪ್ರದರ್ಶನವನ್ನು ಉದ್ಘಾಟಿಸಿ ಮಾಡಿದ ಭಾಷಣ)



ಚಿತ್ರಕಲೆಯ ಬಗ್ಗೆ ನಾಲ್ಕು ಮಾತು ಹೇಳಿ ಎಂದಿದ್ದಾರೆ. ನಾನು ಒಂದೇ ಒಂದು ಚಿತ್ರದ ಬಗ್ಗೆ ಹೇಳುತ್ತೇನೆ.

ಅದು ಸ್ಪೇನ್ ದೇಶದ ರಾಜಕುಮಾರ ಫೆಲಿಪೆ ಪ್ರೊಸ್ಪೆರೋನ ತೈಲಚಿತ್ರ. 1659ರಲ್ಲಿ ಅರಮನೆಯ ಚಿತ್ರಕಾರ ವೆಲಾಸ್ಕೆಸ್ ಬರೆದದ್ದು. ಯುರೋಪಿನ ಕಲೆಯಲ್ಲಿ ಬರೋಕ್ ಎಂದು ಕರೆಯುವ, ವೈಭವಕ್ಕೆ ಹೆಸರಾದ ಕಾಲ ಅದು. ಚಿತ್ರ ಈಗ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ.

ದೊರೆ ನಾಲ್ಕನೆಯ ಫಿಲಿಪ್‌ನ ಹಿರಿಯ ಮಗ 1646ರಲ್ಲಿ, ಹದಿನೇಳು ತುಂಬುವ ಮೊದಲೇ ತೀರಿಕೊಂಡ. ಆ ಮಗನಿಗೆಂದು ನಿಶ್ಚಯವಾಗಿದ್ದ ಹುಡುಗಿ ಮರಿಯಾನಾಳನ್ನು 1649ರಲ್ಲಿ ದೊರೆಯೇ ಮದುವೆಯಾದ. ಆಕೆಗೆ ಆಗ 14 ವರ್ಷ. ಆಕೆ ದೊರೆಯ ಸ್ವಂತ ತಂಗಿಯ ಮಗಳು. ಅವರಿಗೆ 1657ರಲ್ಲಿ ಹುಟ್ಟಿದ ಗಂಡುಮಗುವೇ ಈ ಚಿತ್ರದಲ್ಲಿರುವವನು. ವಂಶಕ್ಕೆ ವಾರಸುದಾರ ಹುಟ್ಟಿದ್ದಾನೆಂದು ತೋರಿಸುವಂತೆ, ಮಗುವಿನ ಸೋದರಮಾವ ಚಕ್ರವರ್ತಿ ಲಿಯೊಪೋಲ್ಡ್‌ಗೆ ಚಿತ್ರವನ್ನು ಕಳಿಸಿದರು.

ಚಿತ್ರದಲ್ಲಿ ರಾಜವೈಭವಕ್ಕೆ ಕೊರತೆಯಿಲ್ಲ. ಕೆಂಪು ಪರದೆ, ಕೆಂಪು ದಿಂಬು, ಪುಟ್ಟ ಕುರ್ಚಿ, ಅದರ ಮೇಲೊಂದು ಬಿಳಿ ನಾಯಿಮರಿ. ಕುರ್ಚಿಯ ಬೆನ್ನಿಗೆ ಕೈಯಿಟ್ಟು ದೊಡ್ಡವರಂತೆ ನಿಂತಿದ್ದಾನೆ ಮಗು. ಆದರೆ ಆ ಕೈಯಲ್ಲಿ ಬಲವಿಲ್ಲ, ಮುಖ ಬಿಳಿಚಿಕೊಂಡಿದೆ. ಮೈಮೇಲೆ ದಾರಗಳಲ್ಲಿ ತಾಯಿತ, ಗಂಟೆಗಳು ತೂಗುತ್ತಿವೆ. ಕೇಡು ತಟ್ಟದಿರಲೆಂದು ಹೆತ್ತವರು ಕಟ್ಟಿಸಿದ್ದು. ಕೆನ್ನೆಗೆ ಒಂದಿಷ್ಟು ಕೆಂಪು ಬಳಿದಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಚಿತ್ರಕಾರ ಬಳಿಯಲಿಲ್ಲ.

1661ರ ನವೆಂಬರ್ 1ರಂದು, ನಾಲ್ಕು ತುಂಬುವ ಮೊದಲೇ, ಮಗು ತೀರಿಕೊಂಡಿತು. ಐದೇ ದಿನಕ್ಕೆ ಹುಟ್ಟಿದ ತಮ್ಮ ಕಾರ್ಲೋಸ್ ಬದುಕಿಡೀ ರೋಗದಲ್ಲಿ ನರಳಿ, 1700ರಲ್ಲಿ ಮಕ್ಕಳಿಲ್ಲದೆ ಸತ್ತ. ಸ್ಪೇನಿನಲ್ಲಿ ಆ ವಂಶ ಅಲ್ಲಿಗೆ ನಿಂತಿತು. ಸಿಂಹಾಸನಕ್ಕಾಗಿ ಯುರೋಪಿನಲ್ಲಿ ದೊಡ್ಡ ಯುದ್ಧವೇ ನಡೆಯಿತು. ಈ ಮಗು ತೀರಿಕೊಂಡ ಮೇಲೂ ರೂಢಿ ಬಿಟ್ಟಿರಲಿಲ್ಲ. ಈ ಮಗುವಿನ ಅಕ್ಕ ಮಾರ್ಗರಿತಾಳನ್ನು 1666ರಲ್ಲಿ ಅದೇ ಸೋದರಮಾವನಿಗೆ ಕೊಟ್ಟಿದ್ದರು. ಆಕೆ 21ಕ್ಕೆ ತೀರಿಕೊಂಡಳು.

ಹಿರಿಯರೇ, ಅಕ್ಕನ ಮಗಳನ್ನು ತರುವ ರೂಢಿ ನಮ್ಮಲ್ಲೂ ಇದೆ. ಆಸ್ತಿ ಹೊರಗೆ ಹೋಗಬಾರದು, ಹುಡುಗಿ ಕಣ್ಣೆದುರಿಗಿರಲಿ ಎಂಬ ಪ್ರೀತಿಯೂ ಅದರಲ್ಲಿದೆ. ಇಂಥ ಮದುವೆಯಲ್ಲಿ ಹುಟ್ಟುವ ಎಲ್ಲ ಮಕ್ಕಳಿಗೂ ತೊಂದರೆಯಾಗುತ್ತದೆಂದು ನಾನು ಹೇಳುವುದಿಲ್ಲ. ಆದರೆ ರಕ್ತಸಂಬಂಧ ಹತ್ತಿರವಾದಷ್ಟೂ ಆನುವಂಶಿಕ ಕಾಯಿಲೆಯ ಸಂಭವ ಹೆಚ್ಚು ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಮನೆಯಲ್ಲಿ ಮಾತುಕತೆ ಎದ್ದಾಗ ಒಮ್ಮೆ ವೈದ್ಯರನ್ನು ಕೇಳಿ. ಹುಡುಗಿಯ ಓದು ಮುಗಿಯಲಿ. ಅವಳ ಮನಸ್ಸನ್ನೂ ಕೇಳಿ.

ಮಕ್ಕಳೇ, ನೀವು ಬರೆದ ಚಿತ್ರಗಳನ್ನು ಈಗ ತಾನೇ ನೋಡಿ ಬಂದೆ. ಕಂಡದ್ದನ್ನು ಕಂಡ ಹಾಗೆ ಬರೆಯುವ ಧೈರ್ಯ ನಿಮಗಿರಲಿ.